ಒತ್ತಕ್ಕನ ನಾಲ್ಕು ಕಿಲೋ

ಸಂಬಳದ ಚೀಟಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಚೆಕಪ್ ಸೆಂಟರಿನಲ್ಲಿ ಕಸ ಗುಡಿಸುವವಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ, ಎದುರಿನ ಜೆರಾಕ್ಸ್ ಅಂಗಡಿಯವನಿಗೂ ಕೂಡ, ಅವಳು ಒತ್ತಕ್ಕ. ಇಪ್ಪತ್ತೆರಡು ವರ್ಷ ಒಂದೇ ಕೋಣೆಯಲ್ಲಿ ನಿಂತು, ಬಂದವರ ಕೈಗೆಲ್ಲ ಒಂದು ಕಬ್ಬಿಣದ ಹಿಡಿ ಕೊಟ್ಟು, "ಒತ್ತಿ, ಒತ್ತಿ, ಇನ್ನೂ ಒತ್ತಿ, ಬಿಡಬೇಡಿ, ಒತ್ತೀ!" ಅಂತ ಕೂಗಿದವಳಿಗೆ ಇನ್ಯಾವ ಹೆಸರು ಬರುತ್ತೆ ಹೇಳಿ. ಆ ಕೂಗು ರಸ್ತೆಗೆ ಕೇಳುತ್ತಿತ್ತು. ಆ ಬೀದಿಗೆ ಹೊಸದಾಗಿ ಬಂದವರು ಒಳಗೆ ಯಾರಿಗೋ ಹೆರಿಗೆ ಆಗ್ತಿದೆ ಅಂದುಕೊಳ್ಳುತ್ತಿದ್ದರು.

ಆಗುತ್ತಿದ್ದದ್ದು ಹೆರಿಗೆಯಲ್ಲ, ತಪಾಸಣೆ. ಕಾರ್ಖಾನೆಯೋ ಗೋದಾಮೋ ಬಸ್ ಡಿಪೋನೋ, ಯಾವುದೇ ಇರಲಿ, ಸಂದರ್ಶನದಲ್ಲಿ ಪಾಸಾದವರು ಕೆಲಸಕ್ಕೆ ಸೇರುವ ಮುಂಚೆ ಇಲ್ಲಿಗೆ ಬಂದು, ಮೈಕೈ ಗಟ್ಟಿ ಇದೆ ಅಂತ ಸರ್ಟಿಫಿಕೇಟ್ ಮಾಡಿಸಿಕೊಂಡು ಹೋಗಬೇಕು. ತೂಕ, ಎತ್ತರ, ಕಣ್ಣು, ಕಿವಿ, ಬಿ.ಪಿ., ಕೊನೆಗೆ ಕೈಯ ಬಿಗಿ. ಅಷ್ಟನ್ನೂ ಅಳೆಯುವವಳು ನರ್ಸು ಒತ್ತಕ್ಕ. ಅವಳು ಬರೆದದ್ದರ ಕೆಳಗೆ ಸಹಿ ಹಾಕುವವರು ದೊಡ್ಡ ಡಾಕ್ಟರು. ಅವರು ಹಾಳೆ ತಿರುವುವ ವೇಗ ನೋಡಿದರೆ ಓದುತ್ತಿದ್ದಾರೋ ಗಾಳಿ ಹಾಕಿಕೊಳ್ಳುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ.

ಒತ್ತಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಕ್ಯೂನಲ್ಲಿ ನಿಂತೇ ಕಣ್ಣಿನ ಚಾರ್ಟ್ ಬಾಯಿಪಾಠ ಮಾಡಿಕೊಂಡು ಬಂದವನನ್ನು ಅವಳು ಒಂದೇ ನೋಟಕ್ಕೆ ಹಿಡಿದುಬಿಡುತ್ತಿದ್ದಳು. ಅದಕ್ಕಂತಲೇ ಬಾಗಿಲ ಹಿಂದೆ ಎರಡನೇ ಚಾರ್ಟ್ ಇಟ್ಟಿದ್ದಳು. ಹೊಟ್ಟೆ ಒಳಗೆಳೆದುಕೊಂಡು ತೂಕದ ಯಂತ್ರ ಹತ್ತಿದವನಿಗೆ, "ಬಿಡಪ್ಪಾ ಉಸಿರು, ಹೊಟ್ಟೆ ಒಳಗೆ ಹೋದ್ರೆ ತೂಕ ಎಲ್ಲಿಗೆ ಹೋಗುತ್ತೆ?" ಅನ್ನುವಳು. ಬೈದರೂ ಯಾರನ್ನೂ ಹೀಯಾಳಿಸುತ್ತಿರಲಿಲ್ಲ. ಅವಳ ನಿಜವಾದ ಸಿಟ್ಟು ಬೇರೆಯವರ ಮೇಲಿತ್ತು. "ಕೆಲಸ ಕೊಡೋಕೆ ಮುಂಚೆ ದನ ಕೊಳ್ಳೋರ ಹಾಗೆ ಹಲ್ಲು ಎಣಿಸ್ತಾರೆ. ಇಪ್ಪತ್ತು ವರ್ಷ ದುಡಿದು ಹಲ್ಲುದುರಿದ ಮೇಲೆ ಒಬ್ಬನಾದ್ರೂ ಬಂದು ಬಾಯಿ ತೆಗೆಸಿ ನೋಡ್ತಾನಾ?" ಅಂತ ದಿನಕ್ಕೆ ಒಮ್ಮೆಯಾದರೂ ಗೊಣಗದಿದ್ದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ.

ಆ ಕಬ್ಬಿಣದ ಹಿಡಿಗೆ ಗ್ರಿಪ್ ಮೀಟರ್ ಅಂತ ಹೆಸರು. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ, ಮೇಲಿನ ಗುಂಡು ಮುಖದಲ್ಲಿ ಮುಳ್ಳು ತಿರುಗಿ ಇಷ್ಟು ಕಿಲೋ ಅಂತ ತೋರಿಸುತ್ತೆ. ಮೂರು ಸಲ ಒತ್ತಬಹುದು, ಮೂರರಲ್ಲಿ ಜಾಸ್ತಿ ಬಂದದ್ದೇ ಲೆಕ್ಕ. ಎರಡು ಸಲ ಒತ್ತಿ ಸೋತವರಿಗೆ ಒತ್ತಕ್ಕ ಮೂರನೇ ಸಲಕ್ಕೆ ಒಂದು ಉಪಾಯ ಹೇಳಿಕೊಡುತ್ತಿದ್ದಳು. ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಿಮಗೆ ಯಾರನ್ನ ಕಂಡ್ರೆ ಮೈ ಉರಿಯುತ್ತೋ ಅವರನ್ನ ನೆನೆಸಿಕೊಳ್ಳಿ. ನೆನೆಸಿಕೊಂಡ್ರಾ? ಹ್ಞಾಂ, ಈಗ ಒತ್ತಿ," ಅನ್ನುವಳು. ಮುಳ್ಳು ಎರಡು ಮೂರು ಕಿಲೋ ಮುಂದಕ್ಕೆ ಓಡುತ್ತಿತ್ತು. ಒಬ್ಬ ಹೆಂಗಸು ಹಾಗೆ ಒತ್ತಿ ಒಂಬತ್ತು ಕಿಲೋ ಜಾಸ್ತಿ ತೋರಿಸಿದಾಗ, ಯಾರನ್ನ ನೆನೆಸಿಕೊಂಡೆ ತಾಯಿ ಅಂತ ಕೇಳುವ ಧೈರ್ಯ ಒತ್ತಕ್ಕನಿಗೂ ಬರಲಿಲ್ಲ.

ಈಗ ನಾಲ್ಕು ಕಿಲೋ ವಿಷಯ ಹೇಳಬೇಕು. ಆರು ವರ್ಷದ ಹಿಂದೆ ಆ ಮೀಟರ್ ಯಾರದೋ ಕೈ ಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ. ಆದರೆ ಮಾರನೇ ದಿನದಿಂದ ಹಮಾಲಿ ಮಾಡಿ ಬಂದ ಗಟ್ಟಿ ಆಳುಗಳೆಲ್ಲ ಸೊರಗಿದ ಹಾಗೆ ಕಾಣಿಸತೊಡಗಿದರು. ಒತ್ತಕ್ಕ ಬಿಡುವ ಪೈಕಿಯಲ್ಲ. ಗುಜರಿ ಅಂಗಡಿಯಿಂದ ಇಪ್ಪತ್ತು ಕಿಲೋದ ತೂಕದ ಕಲ್ಲೊಂದನ್ನು ಕೇಳಿ ತಂದು, ಮೀಟರನ್ನು ಕಿಟಕಿಯ ಸರಳಿಗೆ ಕಟ್ಟಿ, ಅದರ ಹಿಡಿಗೆ ಕಲ್ಲನ್ನು ತೂಗುಹಾಕಿದಳು. ಮುಳ್ಳು ಹದಿನಾರು ತೋರಿಸಿತು. ಜೊತೆಗೆ ಇನ್ನೊಂದು ಹತ್ತು ಕಿಲೋ ಕಟ್ಟಿದಳು. ಇಪ್ಪತ್ತಾರು. ಎಷ್ಟು ಸಲ ತೂಗಿದರೂ ಸರಿಯಾಗಿ ನಾಲ್ಕು ಕಡಿಮೆ.

ಮ್ಯಾನೇಜರಿಗೆ ಹೇಳಿದಳು. "ಹೊಸದಕ್ಕೆ ಬರೆದು ಹಾಕೋಣ ಸಿಸ್ಟರ್," ಅಂದ. ಡಾಕ್ಟರಿಗೆ ಹೇಳಿದಳು. "ಅಲ್ಲಿವರೆಗೂ ನಾಲ್ಕು ಸೇರಿಸಿ ಬರೀತಿರಮ್ಮ," ಅಂದರು. ಅವಳು ಒಂದು ಚೀಟಿಯಲ್ಲಿ "ನಾಲ್ಕು ಸೇರಿಸಿ" ಅಂತ ಬರೆದು ಮೀಟರಿನ ಬೆನ್ನಿಗೆ ಅಂಟಿಸಿದಳು. ಮೂರು ತಿಂಗಳಿಗೆ ಮೇಲಿನಿಂದ ತನಿಖೆಗೆ ಜನ ಬರುವವರಿದ್ದರು. ಮ್ಯಾನೇಜರ್ ಓಡಿ ಬಂದು, "ಅಯ್ಯೋ, ಇದೇನು ಸಿಸ್ಟರ್, ಮೊದಲು ಕೀಳಿ ಇದನ್ನ, ಮಾನ ಹೋಗುತ್ತೆ," ಅಂದ. ಒತ್ತಕ್ಕ ಉಗುರಿನಿಂದ ಕೆರೆದು ಕಿತ್ತಳು. ಹೊಸ ಮೀಟರ್ ಮಾತ್ರ ಬರಲೇ ಇಲ್ಲ. ಅವಳು ಕೇಳಿದಾಗಲೆಲ್ಲ ಮ್ಯಾನೇಜರ್ "ನೋಡೋಣ" ಅನ್ನುತ್ತಿದ್ದ. ಆರು ವರ್ಷ ನೋಡಿದ ಆ ಪುಣ್ಯಾತ್ಮ! ಅಷ್ಟರಲ್ಲಿ ಅವನ ಕೋಣೆಗೆ ಎರಡು ಸಲ ಹೊಸ ಸೋಫಾ ಬಂತು.

ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಒತ್ತಕ್ಕ ನಾಲ್ಕು ಸೇರಿಸುವುದನ್ನೇ ನಿಲ್ಲಿಸಿದಳು. ಅಂದರೆ, ಲೆಕ್ಕ ಹಾಕಿ ಸೇರಿಸುವುದನ್ನು. ಮುಳ್ಳು ಇಪ್ಪತ್ತೆರಡರ ಮೇಲೆ ನಿಂತರೆ ಅವಳ ಕಣ್ಣಿಗೆ ಇಪ್ಪತ್ತಾರು ಅಂತಲೇ ಕಾಣುತ್ತಿತ್ತು. ಹತ್ತು ನಿಮಿಷ ಮುಂದಿರುವ ಗೋಡೆ ಗಡಿಯಾರ ನೋಡಿಯೂ ಮನೆಯವರೆಲ್ಲ ಸರಿಯಾದ ಸಮಯವನ್ನೇ ಹೇಳುವುದಿಲ್ಲವೇ, ಹಾಗೆ.

ಅನಾಹುತ ಆದದ್ದು ಅಲ್ಲೇ. ಅಕ್ಕನಿಗೆ ಪಿತ್ತಕೋಶದ ಆಪರೇಷನ್ ಅಂತ ಒತ್ತಕ್ಕ ಒಂಬತ್ತು ದಿನ ರಜೆ ಹಾಕಿದಳು. ಅವಳ ಬದಲಿಗೆ ಇನ್ನೊಂದು ಶಾಖೆಯಿಂದ ಒಬ್ಬ ಟೆಕ್ನೀಷಿಯನ್ ಬಂದ. ನಲವತ್ತರ ಆಸುಪಾಸಿನ ಸಾಧು ಮನುಷ್ಯ. ಕನ್ನಡಕ ಒರೆಸಿಕೊಂಡೇ ಮಾತಾಡುವವನು. ಅವನನ್ನು ಕೂರಿಸಿಕೊಂಡು ಒತ್ತಕ್ಕ ಒಂದು ಗಂಟೆ ಎಲ್ಲ ಹೇಳಿಕೊಟ್ಟಳು. ತೂಕದ ಯಂತ್ರದ ಎಡಗಾಲು ಗಿಡ್ಡ, ಅದಕ್ಕೆ ರಟ್ಟು ಇಡಬೇಕು. ಕಣ್ಣಿನ ಚಾರ್ಟಿನ ಬಲ್ಬಿಗೆ ಒಂದು ತಟ್ಟು ತಟ್ಟಿದರೇ ಉರಿಯೋದು. ಬಿ.ಪಿ. ಪಟ್ಟಿ ಬಿಟ್ಟುಕೊಳ್ಳುತ್ತೆ, ಗಟ್ಟಿಯಾಗಿ ಹಿಡ್ಕೊಬೇಕು. ಮೀಟರ್ ಬಗ್ಗೆ, ಮೂರು ಸಲ ಒತ್ತಿಸಿ ಜಾಸ್ತಿ ಬಂದದ್ದು ಬರಿ ಅಂದಳು. ನಾಲ್ಕು ಕಿಲೋ ಮಾತು ಬಾಯಿಗೆ ಬರಲೇ ಇಲ್ಲ. ನೆನಪಿಗೆ ಬಂದಿದ್ದರೆ ತಾನೇ ಬಾಯಿಗೆ ಬರೋದು!

ರಜೆ ಮುಗಿಸಿ ಬುಧವಾರ ಬೆಳಗ್ಗೆ ಬಂದರೆ ಗೇಟಿನ ಹತ್ತಿರ ಒಬ್ಬ ಹೆಂಗಸು ಫೈಲು ಎದೆಗವಚಿಕೊಂಡು ನಿಂತಿದ್ದಳು. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಒಂಬತ್ತು ವರ್ಷದಿಂದ ಒದ್ದೆ ಚಾದರ ಹಿಂಡುವವಳು. ಕೇಬಲ್ ಕಾರ್ಖಾನೆಯ ಕಾಯಂ ಕೆಲಸಕ್ಕೆ ಅರ್ಜಿ ಹಾಕಿ, ಸಂದರ್ಶನ ಗೆದ್ದು, ಹೋದ ವಾರ ತಪಾಸಣೆಗೆ ಬಂದು, ಇಲ್ಲಿ ಬಿದ್ದಿದ್ದಳು. ಹೆಂಗಸರಿಗೆ ಇಪ್ಪತ್ತೈದು ಕಿಲೋ ಬಿಗಿ ಬೇಕು. ಇವಳದ್ದು ಇಪ್ಪತ್ತನಾಲ್ಕು.

"ಅಕ್ಕಾ, ನನ್ನ ಕೈಯಲ್ಲಿ ಶಕ್ತಿ ಇಲ್ಲವಂತೆ," ಅಂದಳು. ಅಳುತ್ತಿರಲಿಲ್ಲ. ದವಡೆ ಬಿಗಿದಿತ್ತು. "ಇನ್ನೊಂದು ಸಲ ನೋಡ್ತೀರಾ? ಶುಕ್ರವಾರ ಐದು ಗಂಟೆಗೆ ಪಟ್ಟಿ ಮುಗಿಯುತ್ತೆ. ಬರೋ ತಿಂಗಳು ನನಗೆ ನಲವತ್ತು ತುಂಬುತ್ತೆ. ಆಮೇಲೆ ಅರ್ಜಿ ಹಾಕೋಕೂ ಬಿಡಲ್ಲ."

"ಒಂದೇ ಕಿಲೋ ತಾನೇ? ಆವತ್ತು ಊಟ ಮಾಡಿದ್ಯಾ ಇಲ್ವಾ?" ಅಂದಳು ಒತ್ತಕ್ಕ, ಮಾಮೂಲಿ ದನಿಯಲ್ಲಿ.

ಆ ಹೆಂಗಸು ಒತ್ತಕ್ಕನ ಮುಂಗೈ ಹಿಡಿದು ಒಂದು ಸಲ ಅದುಮಿದಳು. ಒತ್ತಕ್ಕ "ಅಯ್ಯಯ್ಯೋ, ಬಿಡೇ!" ಅಂತ ಕೂಗಿಕೊಂಡಳು. ಸಾವಿರಾರು ಕೈ ನೋಡಿದವಳು ಅವಳು. ಇದು ಇಪ್ಪತ್ತನಾಲ್ಕರ ಕೈಯಲ್ಲ. ಆ ಕ್ಷಣಕ್ಕೇ ಅವಳಿಗೆ ನಾಲ್ಕು ಕಿಲೋ ನೆನಪಾಯಿತು.

ಚೀಲ ಕೂಡ ಇಳಿಸದೆ ಒಳಗೆ ಹೋಗಿ ರಿಜಿಸ್ಟರ್ ತೆರೆದಳು. ಒಂಬತ್ತು ದಿನದಲ್ಲಿ ಬಂದಿದ್ದವರು ಕೇಬಲ್ ಕಾರ್ಖಾನೆಯ ನಲವತ್ತು ಹೆಂಗಸರು ಮಾತ್ರ. ಮಾಮೂಲಿಗೆ ಒಬ್ಬರೋ ಇಬ್ಬರೋ ಬೀಳುವ ಕಡೆ ಏಳು ಜನ ಬಿದ್ದಿದ್ದರು. ಇಪ್ಪತ್ತನಾಲ್ಕು, ಇಪ್ಪತ್ತೆರಡು, ಇಪ್ಪತ್ತಮೂರು, ಮತ್ತೆ ಇಪ್ಪತ್ತನಾಲ್ಕು, ಇಪ್ಪತ್ತೊಂದು, ಇಪ್ಪತ್ತೆರಡು, ಕೊನೆಯವಳದ್ದು ಹದಿನೈದು. ಒತ್ತಕ್ಕ ಪ್ರತಿಯೊಂದಕ್ಕೂ ಬೆರಳಿಟ್ಟು ನಾಲ್ಕು ಸೇರಿಸಿದಳು. ಆರು ಜನ ಪಾಸು!

ಬದಲಿ ಟೆಕ್ನೀಷಿಯನ್ ಇನ್ನೂ ಅಲ್ಲೇ ಇದ್ದ, ಶನಿವಾರದವರೆಗೆ ಅವನಿಗೆ ಇಲ್ಲೇ ಕೆಲಸ. ವಿಷಯ ಕೇಳಿ ಅವನ ಮುಖ ಬಿಳಿಚಿಕೊಂಡಿತು. "ಕಂಡದ್ದು ಕಂಡ ಹಾಗೆ ಬರೆದೆ ಅಕ್ಕಾ. ನನಗೂ ಅನುಮಾನ ಬಂತು. ಯಾಕೋ ಜಾಸ್ತಿ ಜನ ಫೇಲ್ ಆಗ್ತಿದ್ದಾರೆ ಅಂತ ಮ್ಯಾನೇಜರ್ ಹತ್ರ ಹೋಗಿ ಹೇಳಿದೆ. 'ನೀನು ಸ್ಟ್ರಿಕ್ಟು, ಒಳ್ಳೇದೇ ಆಯ್ತು' ಅಂದ್ರು."

"ಹಾಗಂದ್ನಾ? ಅವನಿಗೆ ಗೊತ್ತಿತ್ತಲ್ಲೋ! ಮೀಟರಿನ ಚೀಟಿ ಕೀಳಿಸಿದ್ದೇ ಅವನು!"

ಮೊದಲು ಡಾಕ್ಟರ ಹತ್ತಿರ ಹೋದಳು. ಅವರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. "ನಾನು ರಿಟೈರ್ ಆಗೋಕೆ ಏಳು ತಿಂಗಳು ಇದೆ ಕಣಮ್ಮ," ಅಂದರು. ಇಪ್ಪತ್ತೆರಡು ವರ್ಷ ಜೊತೆಗೆ ಚಹಾ ಕುಡಿದ ಮನುಷ್ಯ, ಅವಳ ಮಗಳಿಗೆ ಜ್ವರ ಬಂದಾಗ ಮನೆಗೇ ಬಂದು ನೋಡಿದವರು. ಬೈಯೋಕೂ ಆಗದೆ ಸುಮ್ಮನಿರೋಕೂ ಆಗದೆ ಒತ್ತಕ್ಕ ಹಲ್ಲು ಕಚ್ಚಿಕೊಂಡು ಹೊರಗೆ ಬಂದಳು.

ಮ್ಯಾನೇಜರ್ ಸೋಫಾ ಮೇಲೆ ಕೂತೇ ಮಾತಾಡಿದ. "ಕೂತ್ಕೊಳ್ಳಿ ಸಿಸ್ಟರ್. ಮತ್ತೆ ತಪಾಸಣೆ ಮಾಡಬೇಕು ಅಂದ್ರೆ ಕಾರಣ ಬರೀಬೇಕಲ್ಲ. ಏನಂತ ಬರೆಯೋಣ? ಮೀಟರ್ ಕೆಟ್ಟಿತ್ತು ಅಂತಾನಾ? ಯಾವಾಗಿಂದ ಅಂತ ಕೇಳ್ತಾರೆ. ಆರು ವರ್ಷದಿಂದ ಅಂದ್ರೆ ನಾವು ಕೊಟ್ಟ ಸರ್ಟಿಫಿಕೇಟೆಲ್ಲ ಏನಾಗಬೇಕು?"

"ಕೊಟ್ಟದ್ದೆಲ್ಲ ಸರಿಯಾಗೇ ಕೊಟ್ಟಿದ್ದೀವಿ. ನಾನು ಸೇರಿಸಿ ಬರೆದಿದ್ದೀನಿ. ತಪ್ಪಾಗಿರೋದು ಈ ಏಳು ಜನಕ್ಕೆ ಮಾತ್ರ."

"ಅದೇ ನೋಡಿ," ಅಂತ ಅವನು ನಕ್ಕ. "ನೀವು ಸೇರಿಸಿ ಬರೆದಿದ್ದೀರಿ. ಯಂತ್ರ ತೋರಿಸಿದ್ದು ಒಂದು, ನೀವು ಬರೆದದ್ದು ಇನ್ನೊಂದು. ಸಹಿ ನಿಮ್ಮದು. ಹಾಗೆ ಬರೀರಿ ಅಂತ ನಾನೆಲ್ಲಾದ್ರೂ ಬರೆದು ಕೊಟ್ಟಿದ್ದೀನಾ? ಸೋಮವಾರ ಹೊಸ ಮೀಟರ್ ತರಿಸ್ತೀನಿ, ಆಯ್ತಾ? ಆ ಏಳು ಜನಕ್ಕೆ ಬೇರೆ ಕಡೆ ಎಲ್ಲಾದ್ರೂ ಸಿಗುತ್ತೆ ಬಿಡಿ."

ಏನ್ರೀ ಇದು ನ್ಯಾಯ! ಆರು ವರ್ಷ ಬೇಡಿಕೊಂಡರೂ ಬಾರದ ಮೀಟರ್, ತಪ್ಪು ಮುಚ್ಚೋಕೆ ಅಂದ ತಕ್ಷಣ ಐದೇ ದಿನದಲ್ಲಿ ಬರುತ್ತೆ. ಅದೂ ಸೋಮವಾರ. ಪಟ್ಟಿ ಮುಗಿಯೋದು ಶುಕ್ರವಾರ. ಒತ್ತಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆಗೆದರೆ ಏನು ಬರುತ್ತೋ ಅಂತ ತನಗೇ ಹೆದರಿ ಎದ್ದುಬಂದಳು.

ಅವಳ ಗಂಡ ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಸಂಜೆ ಅವಳು ಬಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕೊನೆಗೆ, "ತಪ್ಪು ಅವನದ್ದು ಮಾತ್ರ ಅಲ್ಲ ಕಣ್ರೀ. ರಟ್ಟಿನ ಚೂರಿನ ಬಗ್ಗೆ ಹೇಳಿದೆ, ಬಲ್ಬಿನ ಬಗ್ಗೆ ಹೇಳಿದೆ. ಇದೊಂದು ಹೇಳಲಿಲ್ಲ. ನನ್ನ ತಲೆಗೆ ಏನು ಬಡಿದಿತ್ತು?" ಅಂತ ತಲೆ ಚಚ್ಚಿಕೊಂಡಳು.

ಗಂಡ ಮಿಷನ್ ನಿಲ್ಲಿಸಿ ತನ್ನ ಮರದ ಅಳತೆಪಟ್ಟಿ ಎತ್ತಿ ತೋರಿಸಿದ. ಅದರ ಮೊದಲನೇ ಇಂಚು ಸವೆದು ಅರ್ಧ ಆಗಿತ್ತು. "ಇದನ್ನ ನಾನು ಒಂದರಿಂದ ಹಿಡಿದು ಅಳೀತೀನಿ. ನಿಮ್ಮಣ್ಣ ಒಂದಿನ ಸಹಾಯ ಮಾಡ್ತೀನಿ ಅಂತ ಬಂದು ತುದಿಯಿಂದ ಅಳೆದು ಕತ್ತರಿಸಿಬಿಟ್ಟ, ನೆನಪಿದೆಯಾ? ಹೊಲಿಸೋಕೆ ಕೊಟ್ಟಿದ್ದ ಹುಡುಗಿಗೆ ಬ್ಲೌಸು ತೋಳಿಗೇ ಏರಲಿಲ್ಲ."

"ಗೊತ್ತು. ಹೊಸ ಬಟ್ಟೆ ತಂದು ಹೊಲಿದು ಕೊಟ್ರಿ."

"ಕೊಡದೆ ಏನು ಮಾಡೋದು? ನಿನಗೇ ತೋಳು ದಪ್ಪ ಅಂತ ಅವಳಿಗೆ ಹೇಳೋಕಾಗುತ್ತಾ?" ಅಂದ ಅವನು, ಮತ್ತೆ ಪೆಡಲ್ ತುಳಿಯುತ್ತ. ಆಮೇಲೆ ತಲೆ ಎತ್ತದೆಯೇ, "ಕೆಲಸ ಹೋಗುತ್ತೆ ಅಲ್ವಾ?" ಅಂದ.

"ಹೋಗುತ್ತೆ."

"ಹ್ಞೂಂ," ಅಂದು ಅವನು ಹೊಲಿಗೆ ಮುಂದುವರಿಸಿದ. ಅವಳಿಗೆ ಬೇಕಾದದ್ದು ಅಷ್ಟೇ ಆಗಿತ್ತು.

ಶುಕ್ರವಾರ ಬೆಳಗ್ಗೆ ಒತ್ತಕ್ಕ ಮೀಟರನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡಳು. ಕದಿಯುತ್ತಿಲ್ಲ ಅಂತ ಟೆಕ್ನೀಷಿಯನ್‌ಗೆ ಹೇಳಿ, ಪುಸ್ತಕದಲ್ಲಿ "ಮೀಟರ್ ಪರೀಕ್ಷೆಗೆ ಒಯ್ದಿದ್ದೇನೆ" ಅಂತ ಬರೆದು, ಕೆಳಗೆ ಸಹಿಯನ್ನೂ ಹಾಕಿದಳು. ಗುಜರಿ ಅಂಗಡಿಗೆ ಹೋಗಿ ಅದೇ ಇಪ್ಪತ್ತು ಕಿಲೋ ಕಲ್ಲು ಕೇಳಿದಳು. ಲಾಂಡ್ರಿಯವಳಿಗೆ ಅಲ್ಲಿಗೇ ಬರಲು, ಉಳಿದ ಆರು ಜನಕ್ಕೆ ಕಾರ್ಖಾನೆಯ ಗೇಟಿನ ಹತ್ತಿರ ಕಾಯಲು ಗುರುವಾರವೇ ಹೇಳಿ ಕಳಿಸಿದ್ದಳು. ಆಟೋಗೆ ಎತ್ತಿ ಹಾಕೋಣ ಅಂತ ಅಂಗಡಿಯವನು ಬಗ್ಗುವಷ್ಟರಲ್ಲಿ ಆ ಹೆಂಗಸು ಕಲ್ಲಿನ ಮೇಲಿನ ಕಬ್ಬಿಣದ ಬಳೆಗೆ ಬೆರಳು ತೂರಿಸಿ ಒಂದೇ ಕೈಯಲ್ಲಿ ಎತ್ತಿಕೊಂಡು ಆಟೋ ಹತ್ತಿ ಕೂತಿದ್ದಳು.

ಕಾರ್ಖಾನೆಯ ನೇಮಕಾತಿ ಕಚೇರಿ ಮೂರನೇ ಮಹಡಿಯಲ್ಲಿ. ಲಿಫ್ಟಿನ ಪಕ್ಕ "ಸಿಬ್ಬಂದಿಗೆ ಮಾತ್ರ" ಅಂತ ಬೋರ್ಡು. ಕಾವಲುಗಾರ ಬಾಗಿಲಿಗೆ ಅಡ್ಡ ನಿಂತು ಮೆಟ್ಟಿಲ ಕಡೆ ಬೆರಳು ತೋರಿಸಿದ. "ನೋಡೇ ತಂಗಿ, ಕೆಲಸ ಸಿಕ್ಕಿದ ಮೇಲೆ ಲಿಫ್ಟು, ಅಲ್ಲಿವರೆಗೂ ಮೆಟ್ಟಿಲು," ಅಂತ ಒತ್ತಕ್ಕ ಉರಿದುಕೊಂಡಳು. ಮೊದಲನೇ ಮಹಡಿಗೇ ಅವಳಿಗೆ ಏದುಸಿರು. ಲಾಂಡ್ರಿಯವಳು ಕಲ್ಲನ್ನು ಒಂದು ಸಲವೂ ನೆಲಕ್ಕೆ ಇಡಲಿಲ್ಲ. ಕೈ ಬದಲಾಯಿಸಿದ್ದೂ ಒಂದೇ ಸಲ.

ನೇಮಕಾತಿ ಅಧಿಕಾರಿ ಐವತ್ತರ ಹೆಂಗಸು. ಎದುರಿಗೆ ಫೈಲುಗಳ ರಾಶಿ. ಅವಳ ಮೇಜಿನ ಪಕ್ಕ ಕಲ್ಲು ಧೊಪ್ ಅಂತ ಕೂತಾಗ ಅವಳು ಬೆಚ್ಚಿಬಿದ್ದಳು.

"ಏನ್ರೀ ಇದು? ಇದನ್ನ ಇಲ್ಲಿವರೆಗೆ ಯಾರು ಹೊತ್ತು ತಂದ್ರು?"

"ಕೈಯಲ್ಲಿ ಶಕ್ತಿ ಇಲ್ಲದವರು ಮೇಡಂ," ಅಂದಳು ಒತ್ತಕ್ಕ. "ನಿಮ್ಮ ಫೈಲಿನಲ್ಲಿ ಹಾಗೇ ಇದೆ, ನೋಡಿ."

ಅಧಿಕಾರಿ ಫೈಲು ತೆಗೆದು ನೋಡಿದಳು. ಆಮೇಲೆ ಆ ಹೆಂಗಸನ್ನು ನೋಡಿದಳು. ಒತ್ತಕ್ಕ ಮೀಟರ್ ತೆಗೆದು ಅದರ ಹಿಡಿಗೆ ಹಗ್ಗ ಸಿಕ್ಕಿಸಿ ಕಲ್ಲಿಗೆ ಕಟ್ಟಿದಳು. "ಎತ್ತು," ಅಂದಳು. ಲಾಂಡ್ರಿಯವಳು ಮೀಟರ್ ಹಿಡಿದು ಎತ್ತಿದಳು. ಕಲ್ಲು ನೆಲ ಬಿಟ್ಟು ತೂಗಾಡಿತು. "ಕಲ್ಲಿನ ಮೇಲೆ ಎಷ್ಟು ಅಂತ ಕೆತ್ತಿದೆ ಓದಿ ಮೇಡಂ. ಮುಳ್ಳು ಎಷ್ಟು ತೋರಿಸ್ತಿದೆ ಅದನ್ನೂ ಓದಿ."

"ಇಪ್ಪತ್ತು," ಅಂದಳು ಅಧಿಕಾರಿ. ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. "ಹದಿನಾರು."

ಒತ್ತಕ್ಕ ಆರು ವರ್ಷದ ಕಥೆಯನ್ನೆಲ್ಲ ಹೇಳಿದಳು, ಚೀಟಿ ಕಿತ್ತದ್ದೂ ಸೇರಿ. ತನ್ನ ಪಾಲಿನದ್ದನ್ನು ಮುಚ್ಚಿಡಲಿಲ್ಲ. ಅಧಿಕಾರಿ ಕಡೆಯವರೆಗೂ ಕೇಳಿ, "ಇದನ್ನ ಬರೆದು ಕೊಡ್ತೀರಾ? ಬರೆದರೆ ನಿಮ್ಮ ಕುತ್ತಿಗೆಗೇ ಬರುತ್ತೆ, ಗೊತ್ತಲ್ಲ?" ಅಂದಳು.

"ಆರು ವರ್ಷ ಬರೀದೇ ಇದ್ದದ್ದಕ್ಕೇ ಇಷ್ಟೆಲ್ಲ ಆಗಿದ್ದು. ಹಾಳೆ ಕೊಡಿ."

ಆ ಮಧ್ಯಾಹ್ನವೇ ಏಳೂ ಜನರನ್ನು ಬೇರೊಂದು ಆಸ್ಪತ್ರೆಗೆ ಕಳಿಸಿ, ಸರಿಯಾದ ಮೀಟರ್ ಮೇಲೆ ಒತ್ತಿಸಿದರು. ಒತ್ತಕ್ಕ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬಿಡಲಿಲ್ಲ. ಲಾಂಡ್ರಿಯವಳು ಒಳಗೆ ಹೋಗುವಾಗ, "ಯಾರ ಮೇಲೆ ಮೈ ಉರಿಯುತ್ತೋ—" ಅಂತ ಒತ್ತಕ್ಕ ಶುರು ಮಾಡಿದರೆ, "ಹೇಳಿಕೊಡಬೇಕಾ ಅಕ್ಕಾ?" ಅಂದಳು ಅವಳು. ಮೂವತ್ತೊಂದು ಬಂತು. ಆರು ಜನ ಪಾಸಾದರು. ಹದಿನೈದರವಳು ಇಲ್ಲೂ ಹತ್ತೊಂಬತ್ತಕ್ಕೇ ನಿಂತಳು. ಆದರೂ ಹೊರಗೆ ಬಂದು, "ಇದು ನನ್ನದೇ ಹತ್ತೊಂಬತ್ತು. ಆವತ್ತಿನದ್ದು ನನ್ನದಲ್ಲ," ಅಂದು ಹೋದಳು. ಐದು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ ಆರು ಹೆಸರು ಪಟ್ಟಿಗೆ ಸೇರಿದವು.

ಇನ್ನು ಶಿಕ್ಷೆ ಯಾರಿಗಾಯಿತು ಅಂತ ಕೇಳಿ. ಮ್ಯಾನೇಜರಿಗೆ? ಅವನು ಕಾರ್ಖಾನೆಯವರಿಗೆ ಎರಡು ಪುಟದ ಕ್ಷಮಾಪಣೆ ಬರೆದು, ತಪ್ಪಿತಸ್ಥರ ಮೇಲೆ ಕಠಿಣ ಕ್ರಮ ಕೈಗೊಂಡಿದ್ದೇವೆ ಅಂದ. ಕಾರ್ಖಾನೆಯ ದೊಡ್ಡವರಿಗೂ ಹಳೆಯ ಫೈಲು ಕೆದಕುವುದು ಬೇಡವಾಗಿತ್ತು. ಚೆಕಪ್ ಸೆಂಟರಿನ ಗುತ್ತಿಗೆ ಹಾಗೇ ಉಳಿಯಿತು. ಸೋಮವಾರ ಹೊಸ ಮೀಟರ್ ಬಂತು. ಅಂಕಿ ಮೂಡುವಂಥದ್ದು, ಮುಳ್ಳೇ ಇಲ್ಲ. ಅದೇ ಸೋಮವಾರ ಒತ್ತಕ್ಕನ ಕೈಗೂ ಕಾಗದ ಬಂತು: ದಾಖಲೆಗಳಲ್ಲಿ ಯಂತ್ರ ತೋರಿಸಿದ್ದಕ್ಕಿಂತ ಬೇರೆ ಅಂಕಿ ಬರೆದದ್ದಕ್ಕಾಗಿ ಕೆಲಸದಿಂದ ತೆಗೆಯಲಾಗಿದೆ. ಕೆಳಗೆ ಡಾಕ್ಟರ ಸಹಿ. ಅದನ್ನಾದರೂ ಓದಿ ಹಾಕಿದರೋ ಇಲ್ಲವೋ! ತೂಕದ ಯಂತ್ರದ ಕೆಳಗಿನ ರಟ್ಟನ್ನು ಸರಿಯಾಗಿ ತಳ್ಳಿಟ್ಟು ಅವಳು ಮನೆಗೆ ಬಂದಳು.

ಎರಡು ತಿಂಗಳು ಅವಳು ಗಂಡನ ಅಂಗಡಿಯಲ್ಲಿ ಗುಂಡಿ ಹಚ್ಚಿದಳು. ಗಿರಾಕಿಗಳನ್ನು ಬೈದು ಓಡಿಸುತ್ತಾಳೆ ಅಂತ ಗಂಡನೇ ಅವಳಿಗೆ ಬೇರೆ ಕೆಲಸ ಹುಡುಕತೊಡಗಿದ. ಕೊನೆಗೆ ವೃದ್ಧರನ್ನು ನೋಡಿಕೊಳ್ಳುವ ಒಂದು ನಿಲಯದಲ್ಲಿ ನರ್ಸ್ ಕೆಲಸ ಸಿಕ್ಕಿತು. ಮಲಗಿದವರನ್ನು ಎತ್ತಿ ಕೂರಿಸಬೇಕು, ಹಿಡಿದು ನಡೆಸಬೇಕು. ಹಾಗಾಗಿ ಸೇರುವ ಮುಂಚೆ ತಪಾಸಣೆ. ತಪಾಸಣೆ ಎಲ್ಲಿ ಅಂತ ಕಾಗದ ಬಿಡಿಸಿ ನೋಡಿದರೆ ಅದೇ ಚೆಕಪ್ ಸೆಂಟರ್, ಅದೇ ಕೋಣೆ.

ಬೆಳಗ್ಗೆ ಹೋಗಿ ಎಲ್ಲರ ಹಾಗೆ ಕ್ಯೂನಲ್ಲಿ ನಿಂತಳು. ಜೆರಾಕ್ಸ್ ಅಂಗಡಿಯವನು ಕಂಡು ಎದ್ದುನಿಂತ. ಒಳಗೆ ಅವಳ ಜಾಗದಲ್ಲಿ ಅದೇ ಟೆಕ್ನೀಷಿಯನ್. ಅವಳನ್ನು ನೋಡಿ ಕನ್ನಡಕ ತೆಗೆದು ಒರೆಸಿದ, ಹಾಕಿದ, ಮತ್ತೆ ಒರೆಸಿದ. ತೂಕ ಸರಿಯಾಯಿತು. ಕಣ್ಣಿಗೆ ಎರಡನೇ ಚಾರ್ಟನ್ನೇ ತಾ ಅಂತ ಅವಳೇ ಹೇಳಿದಳು. ಮೊದಲನೆಯದು ಬಾಯಿಗೆ ಬರುತ್ತಿತ್ತಲ್ಲ. ಬಿ.ಪಿ. ಸ್ವಲ್ಪ ಮೇಲಿತ್ತು. "ಈ ಕಟ್ಟಡದೊಳಗೆ ಬಂದ್ರೆ ಇನ್ನೇನಾಗುತ್ತೆ?" ಅಂದಳು.

ಕೊನೆಗೆ ಹೊಸ ಮೀಟರ್ ಅವಳ ಕೈಗೆ ಬಂತು. ಇಪ್ಪತ್ತೆರಡು ವರ್ಷ ಇನ್ನೊಬ್ಬರಿಗೆ ಕೊಟ್ಟವಳು, ಐವತ್ತೆರಡನೇ ವಯಸ್ಸಿನಲ್ಲಿ ತಾನು ಹಿಡಿದಳು. ಬೇಕಾದದ್ದು ಇಪ್ಪತ್ತೈದು.

"ಒತ್ತಿ ಅಕ್ಕಾ," ಅಂದ ಅವನು, ನಾಚಿಕೊಂಡು.

"ಅದೇನು ದನಿನೋ ನಿಂದು? ಹಾಗೆ ಹೇಳಿದ್ರೆ ಯಾರು ಒತ್ತುತ್ತಾರೆ?" ಅಂದು ಒತ್ತಿದಳು. ಮ್ಯಾನೇಜರನ್ನು ನೆನೆಸಿಕೊಂಡೇ ಒತ್ತಿದಳು. ಇಪ್ಪತ್ತೆರಡು. ಎರಡನೇ ಸಲ ಡಾಕ್ಟರನ್ನು, ಅವರ ಪೆನ್ನಿನ ಮುಚ್ಚಳವನ್ನು ನೆನೆಸಿಕೊಂಡಳು. ಇಪ್ಪತ್ತಮೂರು. ಅಲ್ಲಿಗೇ ನಿಂತಿತು.

ಟೆಕ್ನೀಷಿಯನ್ ಬಾಗಿಲ ಕಡೆ ಒಂದು ಸಲ ನೋಡಿದ. ಪೆನ್ನು ಹಾಳೆಯ ಮೇಲೆ ಇತ್ತು. ದನಿ ತಗ್ಗಿಸಿ, "ಅಕ್ಕಾ, ನಾಲ್ಕು ಸೇರಿಸಿ ಬರೀಲಾ?" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ, ಪಾಪ.

ಒತ್ತಕ್ಕನ ಕಣ್ಣು ಕೆಂಪಾಯಿತು. "ಏನಂದೆ? ಇಷ್ಟಾದ ಮೇಲೂ ನಿನಗೆ ಬುದ್ಧಿ ಬರಲಿಲ್ವಾ? ನನಗಿನ್ನೂ ಒಂದು ಸಲ ಇದೆ. ಹಿಡಿ ಈ ಚೀಲ!"

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣು ಮುಚ್ಚಿದಳು. ಈ ಸಲ ಮ್ಯಾನೇಜರ್ ಬರಲಿಲ್ಲ, ಡಾಕ್ಟರೂ ಬರಲಿಲ್ಲ. ಬಂದದ್ದು ಒಂದು ಚೀಟಿ. ತನ್ನದೇ ಕೈಬರಹದ "ನಾಲ್ಕು ಸೇರಿಸಿ". ಅದನ್ನು ಕೆರೆಯುತ್ತಿದ್ದ ತನ್ನದೇ ಹೆಬ್ಬೆರಳಿನ ಉಗುರು. ಕೀಳಲ್ಲ ಹೋಗಯ್ಯಾ ಅಂತ ಒಂದು ಮಾತು ಆಡಲಿಲ್ಲವಲ್ಲೇ ನೀನು, ಊರಿಗೆಲ್ಲ ಬೈಯುವವಳು, ಆವತ್ತು ಬಾಯಿಗೆ ಬೀಗ ಹಾಕಿಕೊಂಡು ಕೆರೆದೆಯಲ್ಲೇ!

ಒತ್ತಿದಳು. ಮೀಟರಿನಿಂದ ಕುಯ್ ಅಂತ ಸದ್ದು ಬಂತು. ಟೆಕ್ನೀಷಿಯನ್ ಬಗ್ಗಿ ನೋಡಿದ. ಅವನ ಬಾಯಿ ತೆರೆದೇ ಇತ್ತು.

"ಎಷ್ಟು?" ಅಂದಳು ಒತ್ತಕ್ಕ, ಇನ್ನೂ ಕಣ್ಣು ಬಿಡದೆ.

"ಇಪ್ಪತ್ತೊಂಬತ್ತು."

"ಕಂಡಷ್ಟೇ ಬರಿ," ಅಂದಳು.